ಶಿವಮೊಗ್ಗದಿಂದ ಮಲ್ಪೆಗೆ ರಾತ್ರಿ ಸೈಕಲ್ ಸವಾರಿ: ಗುಂಪು ಕಟ್ಟುವವರಿಗೊಂದು ಮಾರ್ಗದರ್ಶಿ

ಇಂಗ್ಲೆಂಡಿನಲ್ಲಿ ಜುಲೈ ತಿಂಗಳ ಹುಣ್ಣಿಮೆಗೆ ಹತ್ತಿರದ ಶನಿವಾರ ಸಂಜೆ ಲಂಡನ್ನಿನ ಹ್ಯಾಕ್ನಿ ಬಡಾವಣೆಯ ಉದ್ಯಾನವೊಂದರ ಬಳಿ ಸೈಕಲ್ ಸವಾರರು ಸೇರುತ್ತಾರೆ. ರಾತ್ರಿಯಿಡೀ ತುಳಿದು, ಸುಮಾರು 180 ಕಿ.ಮೀ. ದೂರದ ಡನಿಚ್ ಎಂಬ ಕಡಲತೀರದ ಹಳ್ಳಿಯನ್ನು ಬೆಳಗಾಗುವ ಹೊತ್ತಿಗೆ ಮುಟ್ಟುತ್ತಾರೆ. ಡನಿಚ್ ಡೈನಮೊ ಎಂದು ಹೆಸರಾದ ಈ ಸವಾರಿ 1990ರ ದಶಕದಿಂದ ನಡೆದುಕೊಂಡು ಬಂದಿದೆ. ಅದೇ ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್‌ನಿಂದ ಶುಕ್ರವಾರ ನಡುರಾತ್ರಿಗೆ ಹೊರಟು ಬ್ರೈಟನ್ ಮುಂತಾದ ಕಡಲೂರುಗಳಿಗೆ ಹೋಗುವ ಗುಂಪೊಂದೂ ಇದೆ. ಇದನ್ನೆಲ್ಲ ಮೊಬೈಲಿನಲ್ಲಿ ನೋಡಿದ ಶಿವಮೊಗ್ಗದ ಸೈಕಲ್ ಗೆಳೆಯರು ಕೇಳುವ ಪ್ರಶ್ನೆ ಒಂದೇ: ನಮಗೂ ಕಡಲು ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇದೆಯಲ್ಲ, ನಾವೇಕೆ ಹೋಗಬಾರದು?

ಹೋಗಬಹುದು. ಆದರೆ ಅವರ ವೇಳಾಪಟ್ಟಿಯನ್ನು ಹಾಗೆಯೇ ಎತ್ತಿ ತಂದರೆ ಕೆಡುತ್ತದೆ. ಜುಲೈನಲ್ಲಿ ಅವರಿಗೆ ಕತ್ತಲು ಎಂಟು ಗಂಟೆಗೂ ಕಡಿಮೆ. ನಮಗೆ ಜುಲೈ ಎಂದರೆ ಆಗುಂಬೆಯಲ್ಲಿ ಸೈಕಲ್ ಇರಲಿ, ಕೊಡೆಯೂ ನಿಲ್ಲದ ಕಾಲ. ಅವರ ದಾರಿಯಲ್ಲಿ ಸಣ್ಣಪುಟ್ಟ ದಿಬ್ಬಗಳಷ್ಟೇ ಇವೆ. ನಮ್ಮ ದಾರಿಯ ನಡುವೆ ಪಶ್ಚಿಮ ಘಟ್ಟ ಕಡಿದು ಬಿದ್ದಿದೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಡನಿಚ್ ಇರುವುದು ಪೂರ್ವದ ಕಡಲಿಗೆ ಮುಖ ಮಾಡಿ. ಬೆಳಗಿನ ಜಾವ ಅಲ್ಲಿಗೆ ತಲುಪಿದವರಿಗೆ ನೀರಿನ ಮೇಲೆ ಸೂರ್ಯ ಏಳುವುದು ಕಾಣುತ್ತದೆ, ಅದಕ್ಕಾಗಿಯೇ ಅವರು ರಾತ್ರಿಯೆಲ್ಲ ತುಳಿಯುವುದು. ಮಲ್ಪೆಯಲ್ಲಿ ಸೂರ್ಯ ಹುಟ್ಟುವುದು ನಿಮ್ಮ ಬೆನ್ನ ಹಿಂದೆ, ಘಟ್ಟದ ಕಡೆಯಿಂದ. ಹಾಗಾಗಿ ಬೆಳಗಾಗುವಷ್ಟರಲ್ಲಿ ಕಡಲು ಮುಟ್ಟಲೇಬೇಕೆಂಬ ಹಟಕ್ಕೆ ಇಲ್ಲಿ ಅರ್ಥವಿಲ್ಲ. ನಮ್ಮ ಬೆಳಗು ಘಾಟಿಯ ನೆತ್ತಿಯಲ್ಲಿ ಆಗಬೇಕು. ಆಗುಂಬೆಯಲ್ಲಿ ಬೆಳಿಗ್ಗೆ ಆರೂವರೆ, ಇದೊಂದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸಾಕು.

ಮೊದಲು ದಾರಿ ಆರಿಸಿ

ಶಿವಮೊಗ್ಗದಿಂದ ಕಡಲಿಗೆ ಇಳಿಯಲು ದಾರಿಗಳು ಹಲವು. ಸಾಗರ, ತಾಳಗುಪ್ಪದ ಮೇಲೆ ಮಾವಿನಗುಂಡಿ ದಾಟಿ ಗೇರುಸೊಪ್ಪ ಘಾಟಿಯಲ್ಲಿ ಹೊನ್ನಾವರಕ್ಕೆ ಇಳಿಯಬಹುದು. ಇದು ರಾತ್ರಿ ಬಸ್ಸು ಲಾರಿಗಳ ರಾಜಮಾರ್ಗ, ಮೊದಲ ಸಲದವರಿಗೆ ನಾನು ಹೇಳುವುದಿಲ್ಲ. ಹೊಸನಗರ, ನಗರದ ಮೇಲೆ ಹುಲಿಕಲ್ ಘಾಟಿ ಇಳಿದು ಕುಂದಾಪುರ ಸೇರುವ ದಾರಿಯಲ್ಲೂ ಭಾರಿ ವಾಹನಗಳ ಕಾಟ ಇದ್ದೇ ಇದೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರದಿಂದ ಸಿಗಂದೂರಿನ ಕಡೆಯಿಂದ ಕೊಲ್ಲೂರಿಗೆ ಹೋಗುವುದೂ ಸುಲಭವಾಗಿದೆ. ಮೊದಲು ಅಲ್ಲಿ ಹಿನ್ನೀರು ದಾಟಿಸುವ ಲಾಂಚ್ ನಿಂತ ಮೇಲೆ ರಾತ್ರಿಯ ಮಾತೇ ಇರಲಿಲ್ಲ. ಆದರೆ ಆ ದಾರಿಯಲ್ಲಿ ಅಂಗಡಿ, ಊರು ವಿರಳ. ಒಮ್ಮೆ ಗುಂಪು ಹದಗೊಂಡ ಮೇಲೆ ಅದನ್ನು ಯೋಚಿಸಿ.

ಮೊದಲ ಸವಾರಿಗೆ ತೀರ್ಥಹಳ್ಳಿ–ಆಗುಂಬೆ–ಹೆಬ್ರಿ–ಉಡುಪಿ ದಾರಿಯೇ ಸರಿ. ಲೆಕ್ಕ ಸ್ಥೂಲವಾಗಿ ಹೀಗಿದೆ: ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ., ಅಲ್ಲಿಂದ ಆಗುಂಬೆಗೆ 30ರ ಮೇಲೆ, ಆಗುಂಬೆಯಿಂದ ಉಡುಪಿಗೆ 55ರ ಸುತ್ತಮುತ್ತ, ಉಡುಪಿಯಿಂದ ಮಲ್ಪೆ ಕಡಲತೀರಕ್ಕೆ ಆರು. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ. ಬಸ್ಸೆಂದರೂ ಮಿನಿ ಬಸ್ಸುಗಳೇ. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಎದುರಿಗೆ ಹದಿನಾರು ಚಕ್ರದ ಲಾರಿ ಬರುವುದಿಲ್ಲ ಎಂಬ ನೆಮ್ಮದಿಯೊಂದೇ ಈ ದಾರಿಯನ್ನು ಗೆಲ್ಲಿಸುತ್ತದೆ. ಮೇಲಾಗಿ ತೀರ್ಥಹಳ್ಳಿ ಸರಿಯಾದ ಜಾಗದಲ್ಲಿದೆ. ಊಟ, ನಿದ್ದೆ, ಆಸ್ಪತ್ರೆ, ಬಸ್‌ನಿಲ್ದಾಣ ಎಲ್ಲವೂ ಅಲ್ಲಿವೆ. ಹೊರಡುವ ವಾರ ಗುಂಪಿನ ಇಬ್ಬರು ಹಗಲು ಹೊತ್ತಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಪೂರ್ತಿ ದಾರಿ ನೋಡಿಕೊಂಡು ಬರಲಿ. ಘಟ್ಟದ ರಸ್ತೆಗಳಲ್ಲಿ ದುರಸ್ತಿ, ಅಗಲೀಕರಣ, ಗುಡ್ಡ ಕುಸಿತ ಹೊಸತಲ್ಲ. ಆಗುಂಬೆ ಘಾಟಿಯನ್ನು ಜಿಲ್ಲಾಡಳಿತ ಮುಚ್ಚಿದ ಸಂದರ್ಭಗಳೂ ಉಂಟು.

ತಿಂಗಳು ಮತ್ತು ತಿಥಿ

ಡಿಸೆಂಬರಿನಿಂದ ಫೆಬ್ರವರಿ ನಡುವೆ ಒಂದು ಹುಣ್ಣಿಮೆ ಹಿಡಿಯಿರಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ಲಿನ ಮಾತು ಬೇಡ. ಅಕ್ಟೋಬರಿನಲ್ಲೂ ಸಂಜೆಯ ಗುಡುಗು ಮಳೆಯನ್ನು ನಂಬುವಂತಿಲ್ಲ. ಮಾರ್ಚ್ ಬಂತೆಂದರೆ ಹೆಬ್ರಿಯಿಂದ ಕೆಳಗೆ ಬಿಸಿಲು ಬೇಯಿಸುತ್ತದೆ.

ಇನ್ನು ತಿಥಿ. ಬಹಳ ಮಂದಿ ಹುಣ್ಣಿಮೆಗೆ ಮೊದಲ ಶನಿವಾರವಾದರೂ ಆದೀತು ಎನ್ನುತ್ತಾರೆ. ಆಗದು. ಹುಣ್ಣಿಮೆಗೆ ಎರಡು ಮೂರು ದಿನ ಮುಂಚಿನ ಚಂದ್ರ ಬೆಳಗಿನ ಜಾವಕ್ಕೆ ಮುಳುಗಿಬಿಡುತ್ತಾನೆ, ನಿಮಗೆ ಬೆಳಕು ಬೇಕಿರುವುದೇ ಆಗ. ಹುಣ್ಣಿಮೆಯ ರಾತ್ರಿ ಅಥವಾ ಮರುದಿನದ ಪಾಡ್ಯ ಇಟ್ಟುಕೊಂಡರೆ ತೀರ್ಥಹಳ್ಳಿಯಿಂದ ಆಗುಂಬೆಯವರೆಗೆ ಚಂದ್ರ ಪಶ್ಚಿಮದಲ್ಲಿ, ನಿಮ್ಮ ಎದುರಿಗೇ ಇರುತ್ತಾನೆ. ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗಿ ಚಂದ್ರ ಹುಟ್ಟುವುದರಿಂದ ಬಿದಿಗೆಗಿಂತ ಆಚೆ ಹೋದರೆ ಸಂಜೆಯ ಓಟಕ್ಕೆ ಕತ್ತಲಾಗುತ್ತದೆ. ಗೋಡೆಯ ಪಂಚಾಂಗದ ಕ್ಯಾಲೆಂಡರ್ ಇದಕ್ಕೆ ಸಾಕು. ಭಾನುವಾರಕ್ಕೆ ಹೊಂದದಿದ್ದರೆ ಸೋಮವಾರಕ್ಕೊಂದು ರಜೆ ಹಾಕಿ, ತಿಥಿಯನ್ನು ಬಿಡಬೇಡಿ.

ವೇಳಾಪಟ್ಟಿ, ಹಿಂದಿನಿಂದ ಮುಂದಕ್ಕೆ

ಇಲ್ಲಿ ಸ್ವಲ್ಪ ನಿಧಾನಿಸೋಣ, ಸವಾರಿ ಕೆಡುವುದೂ ಉಳಿಯುವುದೂ ಇಲ್ಲಿಯೇ.

ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಸೂರ್ಯೋದಯ ಏಳು ಗಂಟೆಗೆ ಸ್ವಲ್ಪ ಮೊದಲು. ಆರೂವರೆಗೆ ದಾರಿ ಕಾಣುವಷ್ಟು ಬೆಳಕು ಬರುತ್ತದೆ. ಘಾಟಿಯನ್ನು ಕತ್ತಲಲ್ಲಿ ಇಳಿಯಬಾರದು ಎನ್ನುವುದು ಈ ಲೇಖನದಲ್ಲಿ ಚರ್ಚೆಗೆ ಇಲ್ಲದ ಒಂದೇ ನಿಯಮ. ತೀರ್ಥಹಳ್ಳಿಯಿಂದ ಆಗುಂಬೆಗೆ ಏರಿಳಿತದ ದಾರಿಯಲ್ಲಿ, ಸಣ್ಣ ನಿಲುಗಡೆಗಳನ್ನು ಸೇರಿಸಿ, ಗುಂಪಿಗೆ ಮೂರು ಗಂಟೆ ಬೇಕು. ಅಂದರೆ ತೀರ್ಥಹಳ್ಳಿ ಬಿಡುವುದು ಮೂರೂವರೆಗೆ. ಮೇಗರವಳ್ಳಿ, ಗುಡ್ಡೇಕೇರಿ ದಾಟಿ ಕಾಡು ದಟ್ಟವಾಗುವಷ್ಟರಲ್ಲಿ ಪೂರ್ವ ಬಿಳಿಚಿಕೊಂಡಿರುತ್ತದೆ.

ಈಗ ಇನ್ನೊಂದು ತುದಿ. ಶಿವಮೊಗ್ಗದಿಂದ ಗಾಜನೂರು ದಾಟಿದ ಕೂಡಲೇ ಸಕ್ರೆಬೈಲು, ಅಲ್ಲಿಂದ ಮಂಡಗದ್ದೆಯವರೆಗೆ ಒಂದು ಕಡೆ ತುಂಗೆ, ಇನ್ನೊಂದು ಕಡೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು. ಸಕ್ರೆಬೈಲಿನ ಬಿಡಾರದ ಆನೆಗಳನ್ನೂ ರಾತ್ರಿ ಮೇಯಲು ಕಾಡಿಗೇ ಬಿಡುತ್ತಾರೆ. ಕಾಡಾನೆಗಳಂತೂ ಯಾರನ್ನೂ ಕೇಳಿ ಬರುವುದಿಲ್ಲ. ನಡುರಾತ್ರಿ ಹೊರಟರೆ ಈ ಭಾಗವನ್ನು ಕೆಟ್ಟ ಹೊತ್ತಿನಲ್ಲಿ ದಾಟಬೇಕಾಗುತ್ತದೆ. ಆದ್ದರಿಂದ ಶಿವಮೊಗ್ಗ ಬಿಡುವುದು ಸಂಜೆ ನಾಲ್ಕೂವರೆಗೆ. ಆರರೊಳಗೆ ಸಕ್ರೆಬೈಲು ಹಿಂದಾಗುತ್ತದೆ, ಏಳರ ಆಸುಪಾಸಿಗೆ ಮಂಡಗದ್ದೆ. ಅಷ್ಟು ಹೊತ್ತಿಗೆ ಹುಣ್ಣಿಮೆ ಚಂದ್ರ ಮರದ ಮೇಲಕ್ಕೆ ಬಂದಿರುತ್ತಾನೆ. ಅಡಿಕೆ ಕೊಯ್ಲಿನ ಕಾಲವಾದ್ದರಿಂದ ಮುಂದಿನ ಊರುಗಳಲ್ಲಿ ಮನೆಯಂಗಳದ ದೀಪಗಳು ತಡರಾತ್ರಿವರೆಗೆ ಉರಿಯುತ್ತಿರುತ್ತವೆ, ಸುಲಿಯುವವರ ಮಾತು ರಸ್ತೆಗೂ ಕೇಳುತ್ತದೆ. ತೀರ್ಥಹಳ್ಳಿ ತಲುಪುವಾಗ ಒಂಬತ್ತೂವರೆ.

ಅಲ್ಲಿ ಊಟ, ನಾಲ್ಕು ಗಂಟೆ ನಿದ್ದೆ. ಇಷ್ಟು ಕೇಳಿ ಕೆಲವರು ಮುಖ ಸಿಂಡರಿಸುತ್ತಾರೆ: ಮಲಗಿ ಎದ್ದು ಹೋದರೆ ಅದೇನು ರಾತ್ರಿ ಸವಾರಿ? ಲಂಡನ್ನಿನವರು ಮಲಗುವುದಿಲ್ಲ, ನಿಜ. ಅವರ ದಾರಿಯ ಕೊನೆಯಲ್ಲಿ ಹದಿನಾಲ್ಕು ತಿರುವಿನ ಘಾಟಿಯೂ ಇಲ್ಲ. ನಿದ್ದೆಗೆಟ್ಟ ಕೈ ಬ್ರೇಕಿನ ಮೇಲೆ ಅರೆಕ್ಷಣ ತಡವಾಗಿ ಬೀಳುತ್ತದೆ. ಆಗುಂಬೆಯ ತಿರುವಿನಲ್ಲಿ ಆ ಅರೆಕ್ಷಣವನ್ನು ಮರಳಿ ಪಡೆಯಲಾಗದು. ಲಾಡ್ಜಿನಲ್ಲಿ ಎರಡು ಮೂರು ಕೋಣೆ ಅಥವಾ ಒಂದು ಛತ್ರದ ಹಜಾರವನ್ನು ಮುಂಚಿತವಾಗಿ ಹೇಳಿಟ್ಟುಕೊಳ್ಳಿ, ಸೈಕಲ್ಲುಗಳನ್ನು ಒಳಗಿಡಲು ಜಾಗ ಇದೆಯೇ ಕೇಳಿ. ಊಟವನ್ನೂ ಮೊದಲೇ ಹೇಳಿಡಿ. ಹತ್ತು ಗಂಟೆಗೆ ಹನ್ನೆರಡು ಜನ ಒಟ್ಟಿಗೆ ನುಗ್ಗಿದರೆ ಹೋಟೆಲಿನವರು ಬಾಗಿಲು ಎಳೆಯುವುದು ಅವರ ತಪ್ಪಲ್ಲ. ಎಳ್ಳಮಾವಾಸ್ಯೆಯ ಜಾತ್ರೆಯ ದಿನಗಳಲ್ಲಿ ಮಾತ್ರ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದರೆ ನೀವು ಹುಣ್ಣಿಮೆ ಹಿಡಿದಿರುವುದರಿಂದ ಆ ಚಿಂತೆ ಇಲ್ಲ.

ಎಷ್ಟು ಜನ, ಯಾರು ಯಾರು

ಎಂಟರಿಂದ ಹದಿನೈದು ಜನ. ಅದಕ್ಕಿಂತ ಹೆಚ್ಚಾದರೆ ಸಾಲು ಒಂದು ಕಿಲೋಮೀಟರ್ ಉದ್ದವಾಗುತ್ತದೆ, ಮುಂದಿನವರಿಗೆ ಹಿಂದಿನವರ ಗತಿ ತಿಳಿಯುವುದಿಲ್ಲ. ಸೈಕಲ್ ಯಾವುದಾದರೂ ಆಗಬಹುದು, ಗೇರ್ ಇರಲಿ. ಲಕ್ಷ ರೂಪಾಯಿಯ ಸೈಕಲ್ ತಂದವರೇ ಮಂಡಗದ್ದೆಯಲ್ಲಿ ಏದುಸಿರು ಬಿಡುವುದನ್ನು ನೋಡಬಹುದು. ಹೆಸರು ಕೊಟ್ಟವರಿಗೆಲ್ಲ ಒಂದು ಪರೀಕ್ಷೆ ಇಡಿ: ಹದಿನೈದು ದಿನ ಮುಂಚೆ ಹಗಲಿನಲ್ಲಿ ಶಿವಮೊಗ್ಗ–ತೀರ್ಥಹಳ್ಳಿ ಹೋಗಿಬರುವುದು. ಅದನ್ನು ಮುಗಿಸಲಾಗದವರಿಗೆ ಮಲ್ಪೆ ಈ ಸಲ ಬೇಡ ಎಂದು ಹೇಳುವ ಧೈರ್ಯ ಸಂಘಟಕರಿಗೆ ಇರಬೇಕು. ಜೊತೆಗೆ ಒಂದು ರಾತ್ರಿ ಭದ್ರಾವತಿಯವರೆಗೆ ಹೋಗಿಬನ್ನಿ. ದೀಪಗಳ ಬಂಡವಾಳವೆಲ್ಲ ಅಲ್ಲಿ ಬಯಲಾಗುತ್ತದೆ.

ಗುಂಪು ನಡೆಸುವ ಕ್ರಮವನ್ನು ಮಾತ್ರ ಆ ಲಂಡನ್ನಿನ ಶುಕ್ರವಾರದವರಿಂದ ಕಲಿಯಬೇಕು. ಅವರಲ್ಲಿ ಮುಂದಾಳು ಒಬ್ಬ, ಎಲ್ಲರಿಗಿಂತ ಕೊನೆಗೆ ಬರುವ ಅನುಭವಿಗಳು ಒಬ್ಬಿಬ್ಬರು. ತಿರುವು ಬಂದಲ್ಲೆಲ್ಲ ಮುಂದಾಳು ಒಬ್ಬರನ್ನು ನಿಲ್ಲಿಸಿ ಹೋಗುತ್ತಾನೆ. ಅವರು ಕೊನೆಯವರು ಬರುವ ತನಕ ನಿಂತು ದಾರಿ ತೋರಿಸುತ್ತಾರೆ. ಯಾರೂ ಹಿಂದೆ ಉಳಿಯುವುದಿಲ್ಲ, ಯಾರೂ ದಾರಿ ತಪ್ಪುವುದಿಲ್ಲ. ನಮ್ಮಲ್ಲಿ ಒಂದು ತಿದ್ದುಪಡಿ ಬೇಕು: ಕಾಡಿನ ದಾರಿಯಲ್ಲಿ ಒಬ್ಬರನ್ನೇ ನಿಲ್ಲಿಸಬೇಡಿ, ಇಬ್ಬರಿರಲಿ. ಈ ದಾರಿಯಲ್ಲಿ ಗೊಂದಲದ ತಿರುವುಗಳು ಕಡಿಮೆ. ತೀರ್ಥಹಳ್ಳಿಯ ಪೇಟೆ, ಶೃಂಗೇರಿ ರಸ್ತೆ ಕವಲೊಡೆಯುವ ಆಗುಂಬೆ, ಕಾರ್ಕಳ ಮತ್ತು ಕುಂದಾಪುರದ ದಾರಿಗಳು ಕೂಡುವ ಹೆಬ್ರಿ, ಇಷ್ಟರಲ್ಲಿ ಜನ ನಿಂತರೆ ಸಾಕು. ಪ್ರತಿ ನಿಲುಗಡೆಯಲ್ಲೂ ತಲೆ ಎಣಿಸಿ. ಎಣಿಸುವ ಕೆಲಸ ಒಬ್ಬರದೇ ಆಗಿರಲಿ, ಎಲ್ಲರೂ ಎಣಿಸಿದರೆ ಯಾರೂ ಎಣಿಸಿದಂತಾಗುವುದಿಲ್ಲ.

ಮಹಿಳೆಯರು ಬರುವ ಗುಂಪಾದರೆ ಶೌಚಾಲಯದ ಜಾಗಗಳನ್ನು ಮೊದಲೇ ಗೊತ್ತುಮಾಡಿ ಎಲ್ಲರಿಗೂ ತಿಳಿಸಿ. ಕೇಳಲಿ ಎಂದು ಕಾಯಬೇಡಿ. ತೀರ್ಥಹಳ್ಳಿಯ ಲಾಡ್ಜ್, ಬೆಳಗಾದ ಮೇಲೆ ಆಗುಂಬೆ ಮತ್ತು ಹೆಬ್ರಿ ಎಂದು ಲೆಕ್ಕ ಹಾಕಿಕೊಳ್ಳಬಹುದು.

ದೀಪ, ಬಟ್ಟೆ, ಚೀಲ

ಮುಂದಿನ ದೀಪ ದಾರಿಯನ್ನು ಕಾಣಿಸುವಂಥದ್ದಿರಬೇಕು, ನಿಮ್ಮನ್ನು ಕಾಣಿಸುವುದಷ್ಟೇ ಸಾಲದು. ಮಿಟುಕಿಸುವ ದೀಪ ಹಾಕಿಕೊಂಡು ಗುಂಪಿನಲ್ಲಿ ಹೋಗಬೇಡಿ; ಜೊತೆಯವರ ಕಣ್ಣಿಗೆ ಅದು ಶಿಕ್ಷೆ. ಮುಂದಿನ ದೀಪವನ್ನು ನೆಲದ ಕಡೆ ಬಾಗಿಸಿ, ಹಿಂದಿನ ಕೆಂಪು ದೀಪ ಎರಡಿರಲಿ, ಒಂದು ಕೈಕೊಟ್ಟರೆ ಇನ್ನೊಂದು. ಸಂಜೆ ಮೂರು ಗಂಟೆ, ಬೆಳಗಿನ ಜಾವ ಮೂರು ಗಂಟೆ ಉರಿಯಬೇಕು. ನಡುವೆ ತೀರ್ಥಹಳ್ಳಿಯಲ್ಲಿ ಚಾರ್ಜ್ ಮಾಡಿಕೊಳ್ಳಬಹುದು, ಆದರೆ ಒಂದು ಕೋಣೆಯಲ್ಲಿ ಎರಡೇ ಪ್ಲಗ್ ಇರುತ್ತದೆ ಎನ್ನುವುದನ್ನು ನೆನಪಿಟ್ಟು ಪವರ್ ಬ್ಯಾಂಕ್ ತನ್ನಿ. ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ ಇಲ್ಲದವರು ಮನೆಯಲ್ಲಿರಲಿ.

ಮಲೆನಾಡಿನ ಚಳಿ ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಎಲುಬಿಗೆ ಇಳಿಯುತ್ತದೆ. ದಪ್ಪ ಸ್ವೆಟರ್ ಒಂದರ ಬದಲು ತೆಳುವಾದ ಎರಡು ಪದರ ಹಾಕಿ, ಹೆಲ್ಮೆಟ್ಟಿನ ಒಳಗೆ ಕಿವಿ ಮುಚ್ಚುವ ಬಟ್ಟೆ ಇರಲಿ. ಆಗುಂಬೆಯಲ್ಲಿ ಇಳಿಯುವ ಮುನ್ನ ಎದೆಯ ಮೇಲೆ ಅಂಗಿಯೊಳಗೆ ಹಳೆಯ ದಿನಪತ್ರಿಕೆಯೊಂದನ್ನು ಮಡಚಿ ಇಟ್ಟುಕೊಳ್ಳಿ; ಗಾಳಿ ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಘಾಟಿಯ ಬುಡದ ಸೋಮೇಶ್ವರ ತಲುಪಿದ ಮೇಲೆ ಎಲ್ಲವನ್ನೂ ಕಳಚಬೇಕಾಗುತ್ತದೆ.

ಪ್ರತಿಯೊಬ್ಬರ ಬಳಿ ತಮ್ಮ ಚಕ್ರದ ಅಳತೆಯ ಎರಡು ಟ್ಯೂಬ್. ಗುಂಪಿಗೆ ಪಂಪ್ ಎರಡು, ಪಂಕ್ಚರ್ ಕಿಟ್, ಚೈನ್ ಕೂಡಿಸುವ ಸಾಮಾನು, ಒಂದೆರಡು ಜೊತೆ ಬ್ರೇಕ್ ಪ್ಯಾಡ್. ಬಾಳೆಹಣ್ಣು, ಚಿಕ್ಕಿ, ಬೆಲ್ಲ, ಒಆರ್‌ಎಸ್ ಪುಡಿ, ತಲಾ ಎರಡು ಲೀಟರ್ ನೀರು. ಫ್ಲಾಸ್ಕಿನಲ್ಲಿ ಕಷಾಯ ತರುವವರೊಬ್ಬರು ಎಲ್ಲ ಗುಂಪಿನಲ್ಲೂ ಇರುತ್ತಾರೆ, ಅವರನ್ನು ಬಿಟ್ಟು ಹೋಗಬೇಡಿ.

ಕಾಡಿನಲ್ಲಿ

ಆನೆ ಕಂಡರೆ ನಿಂತುಬಿಡಿ. ಬೆಲ್, ಕೂಗು, ಫೋಟೊ ಯಾವುದೂ ಬೇಡ. ಸದ್ದಿಲ್ಲದೆ ಸೈಕಲ್ ತಿರುಗಿಸಿ ದೂರ ಹೋಗಿ, ಬಸ್ಸೋ ಕಾರೋ ಬರುವವರೆಗೆ ಕಾದು ಅವರ ಜೊತೆ ದಾಟಿ. ಕಾಟಿಗಳು ಸಾಮಾನ್ಯವಾಗಿ ತಾವೇ ಸರಿಯುತ್ತವೆ, ಆದರೆ ರಸ್ತೆಯ ಎರಡೂ ಕಡೆ ಹಿಂಡು ಹಂಚಿಹೋಗಿದ್ದರೆ ನಡುವೆ ನುಗ್ಗಬೇಡಿ. ನಿಜವಾದ ಕಾಟ ಕೊಡುವುದು ಊರ ನಾಯಿಗಳು. ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವ ಬದಲು ಇಳಿದು, ಸೈಕಲ್ಲನ್ನು ನಾಯಿಗೆ ಅಡ್ಡವಾಗಿಟ್ಟುಕೊಂಡು ನಡೆದರೆ ಹೆಚ್ಚಿನವು ಬೊಗಳಿ ಸುಮ್ಮನಾಗುತ್ತವೆ.

ಹೊರಗಿನವರಿಗೆ ಯಾರೂ ಹೇಳದ ಒಂದು ಎಚ್ಚರಿಕೆ ಇದೆ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣುಗು ಕಚ್ಚುವುದರಿಂದ ಬರುತ್ತದೆ. ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳು ಇದರ ಹೊಡೆತ ತಿಂದಿವೆ. ವಿಶ್ರಾಂತಿಗೆಂದು ಕಾಡಿನಂಚಿನ ತರಗೆಲೆಯ ಮೇಲೆ ಕೂರಬೇಡಿ, ಮಲಗುವುದಂತೂ ಬೇಡವೇ ಬೇಡ. ಬಸ್ ತಂಗುದಾಣದ ಸಿಮೆಂಟ್ ಕಟ್ಟೆ, ಅಂಗಡಿಯ ಜಗಲಿ ಹುಡುಕಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸಿಕ್ಕರೆ ಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ದಿನ ಬಿಸಿನೀರಿನ ಸ್ನಾನ ಮಾಡಿ, ಮೊಣಕಾಲ ಸಂದು, ಕಂಕುಳು ನೋಡಿಕೊಳ್ಳಿ. ಮುಂದಿನ ಎಂಟು ಹತ್ತು ದಿನಗಳಲ್ಲಿ ಜ್ವರ ಬಂದರೆ ಕಾಡಿನ ದಾರಿಯಲ್ಲಿ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಹೊರಡುವ ಮುನ್ನ ತೀರ್ಥಹಳ್ಳಿ ಮತ್ತು ಆಗುಂಬೆಯ ಪೊಲೀಸ್ ಠಾಣೆಗಳಿಗೆ ಹೆಸರುಗಳ ಪಟ್ಟಿ, ಸಮಯ ತಿಳಿಸಿ. ರಾತ್ರಿ ಗಸ್ತಿನವರಿಗೆ ಇದು ಉಪಕಾರ, ಮೂರೂವರೆಗೆ ಹನ್ನೆರಡು ಜನ ಸೈಕಲ್ ಹತ್ತಿ ಹೊರಟಿದ್ದೇಕೆಂದು ವಿವರಿಸುವ ಶ್ರಮವೂ ನಿಮಗೆ ತಪ್ಪುತ್ತದೆ. ಆಂಬುಲೆನ್ಸಿಗೆ 108, ಉಳಿದದ್ದಕ್ಕೆ 112. ಘಾಟಿಯಲ್ಲಿ ಮೊಬೈಲ್ ಸಂಪರ್ಕವನ್ನು ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಘಾಟಿ ಇಳಿಯುವ ಬಗೆ

ಆಗುಂಬೆ ಹೆಸರಾಗಿರುವುದು ಸೂರ್ಯಾಸ್ತಕ್ಕೆ. ನೀವು ಅಲ್ಲಿಗೆ ಬೆಳಿಗ್ಗೆ ಹೋಗುವುದರಿಂದ ವೀಕ್ಷಣಾ ಕಟ್ಟೆಯಲ್ಲಿ ಜನಜಂಗುಳಿ ಇರುವುದಿಲ್ಲ. ಪಶ್ಚಿಮದ ಕಣಿವೆಯಲ್ಲಿ ಮಂಜು ತುಂಬಿ, ಬೆನ್ನ ಹಿಂದಿನ ಬೆಳಕು ಅದರ ಮೇಲೆ ನಿಧಾನವಾಗಿ ಬೀಳುವುದನ್ನು ಹತ್ತು ನಿಮಿಷ ನೋಡಿ. ಮಂಜು ರಸ್ತೆಯ ಮೇಲೇ ಕುಳಿತಿದ್ದರೆ ಅದು ಏಳುವವರೆಗೆ ಕಾಯಿರಿ, ಗಂಟೆಯಾದರೂ ಸರಿ.

ಇಳಿಯುವ ಮುನ್ನ ಎಲ್ಲರೂ ಎಲ್ಲರ ಬ್ರೇಕ್ ಒತ್ತಿ ನೋಡಿ. ಒಬ್ಬೊಬ್ಬರಾಗಿ, ನಡುವೆ ಕನಿಷ್ಠ ಇಪ್ಪತ್ತು ಮೀಟರ್ ಬಿಟ್ಟು ಇಳಿಯಿರಿ. ತಿರುವಿಗೆ ಮೊದಲೇ ವೇಗ ಇಳಿಸಬೇಕು, ತಿರುವಿನ ಒಳಗೆ ಬ್ರೇಕ್ ಹಿಡಿದರೆ ಇಬ್ಬನಿಗೆ ನೆಂದ ರಸ್ತೆಯಲ್ಲಿ ಚಕ್ರ ಜಾರುತ್ತದೆ. ಒಂದೇ ಸಮನೆ ಬ್ರೇಕ್ ಒತ್ತಿ ಹಿಡಿದರೆ ರಿಮ್ ಕಾಯುತ್ತದೆ, ಟ್ಯೂಬ್ ಸಿಡಿಯುವುದೂ ಉಂಟು. ಮುಂದೆ ಹಿಂದೆ ಬದಲಿಸಿ ಬಿಟ್ಟು ಬಿಟ್ಟು ಒತ್ತಿ. ಮೂರು ನಾಲ್ಕು ತಿರುವಿಗೊಮ್ಮೆ ಅಗಲವಾದ ಜಾಗದಲ್ಲಿ ನಿಂತು ಬೆರಳುಗಳನ್ನು ಬಿಡಿಸಿಕೊಳ್ಳಿ. ಹತ್ತುವ ವಾಹನಕ್ಕೆ ದಾರಿ ಮೊದಲು. ತಿರುವುಗಳಲ್ಲಿ ಕುಳಿತ ಮಂಗಗಳಿಗೆ ಏನೂ ಹಾಕಬೇಡಿ. ಪ್ರವಾಸಿಗರು ಕೊಟ್ಟ ಅಭ್ಯಾಸದಿಂದ ಅವು ಹ್ಯಾಂಡಲಿನ ಚೀಲಕ್ಕೇ ಕೈ ಹಾಕುತ್ತವೆ.

ಹೆಬ್ರಿಯಿಂದ ಕಡಲಿಗೆ

ಘಾಟಿ ಇಳಿದವರೆಲ್ಲ ಇನ್ನೇನು ಬಂದೇಬಿಟ್ಟಿತು ಎಂದುಕೊಳ್ಳುತ್ತಾರೆ. ಇನ್ನೂ ಐವತ್ತರಷ್ಟು ಕಿಲೋಮೀಟರ್ ಇದೆ, ಹೆಬ್ರಿಯಿಂದ ಹಿರಿಯಡ್ಕ, ಪರ್ಕಳದವರೆಗೆ ದಾರಿ ಸುಮ್ಮನೆ ಏರುತ್ತ ಇಳಿಯುತ್ತ ಕಾಲನ್ನು ಹಿಂಡುತ್ತದೆ. ಎಂಟೂವರೆಯೊಳಗೆ ಹೆಬ್ರಿಯಲ್ಲಿ ತಿಂಡಿ. ಬನ್ಸ್, ನೀರುದೋಸೆ ಸಿಕ್ಕಿತೆಂದರೆ ಘಟ್ಟದ ಕೆಳಗೆ ಬಂದಿದ್ದಕ್ಕೆ ಬೇರೆ ಪುರಾವೆ ಬೇಡ. ಅಲ್ಲಿ ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಬೇಡಿ. ಹತ್ತರ ನಂತರದ ಕರಾವಳಿಯ ಸೆಕೆ ಚಳಿಗಾಲ ನೋಡುವುದಿಲ್ಲ. ಮಣಿಪಾಲದಿಂದ ಉಡುಪಿಗೆ ಇಳಿಜಾರು, ಜೊತೆಗೆ ವಾಹನಗಳ ನೂಕುನುಗ್ಗಲು. ಕರಾವಳಿ ಬೈಪಾಸಿನಲ್ಲಿ 66ನೇ ರಾಷ್ಟ್ರೀಯ ಹೆದ್ದಾರಿಯನ್ನು ದಾಟುವಾಗ ಇಳಿದು, ಎಲ್ಲರೂ ಸೇರಿ ಒಟ್ಟಿಗೆ ದಾಟಿ. ಹನ್ನೊಂದೂವರೆಗೆ ಮಲ್ಪೆ.

ಹಿಂದಿರುಗುವುದು

ಉಡುಪಿಯಿಂದ ಶಿವಮೊಗ್ಗಕ್ಕೆ ನೇರ ರೈಲು ದಾರಿಯಿಲ್ಲ. ಮಿನಿ ಬಸ್ಸಿನ ಮೇಲೆ ಹನ್ನೆರಡು ಸೈಕಲ್ ಹಾಕಿಕೊಳ್ಳಿ ಎಂದು ನಿರ್ವಾಹಕರನ್ನು ಕಾಡುವುದು ಸಭ್ಯತೆಯಲ್ಲ. ಶಿವಮೊಗ್ಗದಲ್ಲೇ ಒಂದು ಸಣ್ಣ ಗೂಡ್ಸ್ ಗಾಡಿಯನ್ನು ಗೊತ್ತುಮಾಡಿ. ಅದು ರಾತ್ರಿ ತೀರ್ಥಹಳ್ಳಿಯಲ್ಲಿ ನಿಮ್ಮ ಜೊತೆ ಉಳಿದು, ಬೆಳಿಗ್ಗೆ ಗುಂಪಿನ ಹಿಂದೆ ಬಂದರೆ ಸೋತವರಿಗೂ ಆಸರೆ. ಚಾಲಕ ರಾತ್ರಿ ಮಲಗಿದ್ದಾನೆಯೇ ನೋಡಿಕೊಳ್ಳುವುದು ನಿಮ್ಮ ಕೆಲಸ. ಸೈಕಲ್ಲುಗಳನ್ನು ನಿಲ್ಲಿಸಿ, ಒಂದರ ಹ್ಯಾಂಡಲ್ ಇನ್ನೊಂದರ ಸೀಟಿನ ಕಡೆ ಬರುವಂತೆ ಜೋಡಿಸಿ, ನಡುವೆ ಗೋಣಿಚೀಲ ತುರುಕಿ ಹಗ್ಗ ಬಿಗಿಯಿರಿ. ಪೆಡಲ್ ಬಿಚ್ಚಿಟ್ಟರೆ ಇನ್ನೂ ನಾಲ್ಕು ಸೈಕಲ್ಲಿಗೆ ಜಾಗವಾಗುತ್ತದೆ. ಮರಳಿನಲ್ಲಿ ತಳ್ಳಿಕೊಂಡು ಹೋದ ಸೈಕಲ್ಲಿನ ಚೈನನ್ನು ಮರುದಿನವೇ ತೊಳೆದು ಎಣ್ಣೆ ಬಿಡಿ, ಉಪ್ಪು ಒಂದು ವಾರವೂ ಕಾಯುವುದಿಲ್ಲ. ಗಾಡಿಗೆ ಮಧ್ಯಾಹ್ನ ಎರಡು ಗಂಟೆಯ ಹೊತ್ತು ಹೇಳಿ. ಅಷ್ಟರಲ್ಲಿ ಈಜುವವರಿಗೆ ಈಜು, ಕೃಷ್ಣಮಠದಲ್ಲಿ ಊಟ ಬೇಕೆನ್ನುವವರಿಗೆ ಊಟ, ಮಲ್ಪೆಯ ಮೀನು ಬೇಕೆನ್ನುವವರಿಗೆ ಮೀನು, ಮೂರೂ ಮುಗಿಯುತ್ತವೆ.